ಎರೆ ನೆಲದಲ್ಲಿ ಟ್ರ್ಯಾಕ್ಟರ್ ಶೆಡ್: ಗುಂಡಿ ತೋಡುವುದರಿಂದ ತಗಡು ಹೊದಿಸುವವರೆಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹೊಲಗಳಲ್ಲಿ ಟ್ರ್ಯಾಕ್ಟರು, ಟ್ರೇಲರು, ರೋಟವೇಟರು, ಕೂರಿಗೆ, ರಾಶಿ ಯಂತ್ರಗಳು ವರ್ಷದ ಹೆಚ್ಚಿನ ದಿನ ಬೇವಿನ ಮರದ ಕೆಳಗೋ ಬಯಲಿನಲ್ಲೋ ನಿಂತಿರುತ್ತವೆ. ಮೇ ತಿಂಗಳ ಬಿಸಿಲಿಗೆ ಟೈರಿನ ಪಕ್ಕೆ ಬಿರಿಯುತ್ತದೆ, ಹೈಡ್ರಾಲಿಕ್ ಪೈಪಿನ ರಬ್ಬರು ಗಡುಸಾಗುತ್ತದೆ. ಮಳೆಗಾಲದಲ್ಲಿ ಚೈನು, ಬೇರಿಂಗು ಮತ್ತು ಕೂರಿಗೆಯ ಬೀಜದ ನಳಿಕೆಗಳಿಗೆ ತುಕ್ಕು ಹಿಡಿದು ಮುಂದಿನ ಬಿತ್ತನೆಯ ಹೊತ್ತಿಗೆ ರಿಪೇರಿಯ ಖರ್ಚು ಬರುತ್ತದೆ. ಇವುಗಳಿಗೆ ಬೇಕಿರುವುದು ಗೋಡೆ ಕಟ್ಟಿದ ಗೋದಾಮಲ್ಲ, ತಲೆಯ ಮೇಲೊಂದು ಮಾಡು. ಕಂಬಗಳನ್ನು ನೆಲದೊಳಗೆ ನೆಟ್ಟು, ಅವುಗಳ ಮೇಲೆ ನೇರವಾಗಿ ಛಾವಣಿ ಕೂರಿಸುವ ಶೆಡ್ಡು ಈ ಕೆಲಸಕ್ಕೆ ಸಾಕು. ಗೋಡೆಯೇ ಇಲ್ಲದ ಕಾರಣ ಉದ್ದಕ್ಕೂ ಪಾಯ ತೋಡುವ ಖರ್ಚು ಉಳಿಯುತ್ತದೆ.

ಆದರೆ ಇಂಥ ಶೆಡ್ಡನ್ನು ಲೆಕ್ಕ ಹಾಕುವಾಗ ಬಹಳ ಮಂದಿ ಛಾವಣಿಯ ಭಾರವನ್ನು ಕಂಬ ಹೊರಬಲ್ಲದೇ ಎಂದು ಮಾತ್ರ ಯೋಚಿಸುತ್ತಾರೆ. ನಮ್ಮ ಭಾಗದಲ್ಲಿ ತಗಡಿನ ಶೆಡ್ಡು ಭಾರಕ್ಕೆ ಕುಸಿಯುವುದು ಅಪರೂಪ. ಏಪ್ರಿಲ್-ಮೇ ತಿಂಗಳಲ್ಲಿ ಗುಡುಗಿನ ಜೊತೆ ಬರುವ ಬಿರುಗಾಳಿಗೆ ಅದು ಮೇಲಕ್ಕೆ ಹಾರುತ್ತದೆ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 46 ಕಿಲೋದಷ್ಟು ಒತ್ತಡ ಹಾಕುತ್ತದೆ. ಅಷ್ಟೇ ಜಾಗದ ತಗಡಿನ ತೂಕ ಐದು ಕಿಲೋದೊಳಗೆ. ಆದ್ದರಿಂದ ಇಲ್ಲಿ ಕಂಬದ ಬುಡವನ್ನು ಹೊರುವ ಕಾಲೆಂದು ನೋಡುವ ಬದಲು ಹಿಡಿದಿಡುವ ಗೂಟವೆಂದು ನೋಡಬೇಕು. ಆ ಗೂಟ ನಿಲ್ಲುವ ನೆಲವಾದರೋ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರುಕುಬಿಟ್ಟು ತಾನೇ ಮೇಲೆ ಕೆಳಗೆ ಆಡುತ್ತಿರುತ್ತದೆ.

ಜಾಗ, ದಿಕ್ಕು, ಅಳತೆ

ಶೆಡ್ಡಿಗೆ ಹೊಲದಲ್ಲಿ ಎತ್ತರದ ಜಾಗವನ್ನು, ಸಾಧ್ಯವಾದರೆ ದಾರಿಗೆ ಹತ್ತಿರವಾದುದನ್ನು ಆರಿಸಬೇಕು. ಜುಲೈ-ಆಗಸ್ಟಿನಲ್ಲಿ ಎರೆ ಹೊಲದ ನಡುವೆ ಟ್ರ್ಯಾಕ್ಟರು ಹೂತು ನಿಂತರೆ ಎಂಥ ಶೆಡ್ಡಿದ್ದೂ ಪ್ರಯೋಜನವಿಲ್ಲ. ಭೀಮಾ, ಕಾಗಿಣಾ ನದಿಗಳ ದಂಡೆಯ ಊರುಗಳಲ್ಲಿ ಹಿಂದಿನ ನೆರೆಯ ನೀರು ಎಲ್ಲಿಯವರೆಗೆ ಬಂದಿತ್ತೆಂದು ಹಿರಿಯರನ್ನು ಕೇಳಿಕೊಳ್ಳುವುದು ಒಳ್ಳೆಯದು. ವಿದ್ಯುತ್ ತಂತಿಯ ಕೆಳಗೆ ಶೆಡ್ಡು ಬೇಡವೇ ಬೇಡ. ತಂತಿ ಹತ್ತಿರದಲ್ಲಿ ಹಾದುಹೋಗಿದ್ದರೆ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ ಅಂತರ ಖಚಿತಪಡಿಸಿಕೊಂಡ ಮೇಲೆಯೇ ಗುರುತು ಹಾಕಬೇಕು. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮು ಸಾಗುವಳಿದಾರನಿಗೆ ತನ್ನ ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಲು ಅವಕಾಶ ಕೊಡುತ್ತದೆ. ಅದೇ ಶೆಡ್ಡನ್ನು ಗ್ಯಾರೇಜಿಗೋ ವ್ಯಾಪಾರಕ್ಕೋ ಬಾಡಿಗೆಗೆ ಕೊಡುವುದಾದರೆ ಭೂಪರಿವರ್ತನೆಯ ಪ್ರಶ್ನೆ ಬರುತ್ತದೆ. ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಿಡುವುದರಿಂದ ಮುಂದಿನ ತಕರಾರು ತಪ್ಪುತ್ತದೆ.

ಮುಂಗಾರಿನ ಗಾಳಿ-ಮಳೆ ಪಶ್ಚಿಮ ಮತ್ತು ನೈಋತ್ಯದಿಂದ ಬರುವುದರಿಂದ ಶೆಡ್ಡಿನ ಬೆನ್ನು ಪಶ್ಚಿಮಕ್ಕೂ ಬಾಯಿ ಪೂರ್ವಕ್ಕೂ ಇರಲಿ. ಒಂದು ಟ್ರ್ಯಾಕ್ಟರು, ಒಂದು ಟ್ರೇಲರು ಮತ್ತು ನಾಲ್ಕೈದು ಸಲಕರಣೆಗಳಿರುವ ಕುಟುಂಬಕ್ಕೆ 36 ಅಡಿ ಉದ್ದ, 24 ಅಡಿ ಆಳದ ಶೆಡ್ಡು ಸಾಕು. ಉದ್ದಕ್ಕೆ 12 ಅಡಿಯ ಮೂರು ಅಂಕಣ ಬರುತ್ತವೆ. ಮುಂದೆ ನಾಲ್ಕು ಕಂಬ, ಹಿಂದೆ ನಾಲ್ಕು ಕಂಬ, ನಡುವೆ ಒಂದೂ ಇಲ್ಲ. ಕಂಬಗಳ ಅಂತರವನ್ನು 10 ಅಡಿಗೆ ಇಳಿಸಿದರೆ ಕಬ್ಬಿಣ ಸ್ವಲ್ಪ ಉಳಿಯಬಹುದು, ಆದರೆ ರೋಟವೇಟರು ಕಟ್ಟಿಕೊಂಡು ಕತ್ತಲಲ್ಲಿ ಹಿಂದಕ್ಕೆ ಬರುವ ಚಾಲಕನಿಗೆ ಆ ಎರಡು ಅಡಿಯ ಬೆಲೆ ಗೊತ್ತಾಗುತ್ತದೆ. ಎತ್ತರ ಮುಂದೆ 13 ಅಡಿ, ಹಿಂದೆ 10 ಅಡಿ ಇರಲಿ. 24 ಅಡಿಗೆ 3 ಅಡಿ ಇಳಿಜಾರು ತಗಡಿಗೆ ಸಾಲುತ್ತದೆ. ರಾಶಿ ಯಂತ್ರ ಇರುವವರು ಅದನ್ನು ಟೇಪು ಹಿಡಿದು ಅಳೆದೇ ಎತ್ತರ ನಿರ್ಧರಿಸಬೇಕು.

ಕೆಲಸಕ್ಕೆ ಒಳ್ಳೆಯ ಕಾಲ ತೊಗರಿ ರಾಶಿ ಮುಗಿದ ಮೇಲೆ, ಫೆಬ್ರವರಿಯಿಂದ ಮಾರ್ಚ್ ನಡುವೆ. ಆಗ ಹೊಲ ಖಾಲಿಯಿರುತ್ತದೆ, ಕೈಯಲ್ಲಿ ಹಣವಿರುತ್ತದೆ, ಬಿರುಗಾಳಿಯ ದಿನಗಳು ಶುರುವಾಗುವ ಮೊದಲೇ ತಗಡು ಬಿಗಿಯಾಗಿರುತ್ತದೆ.

ಗುರುತು ಹಾಕುವುದು

ಮೊದಲು ಮೇಲಿನ ಒಂದು ಅಡಿ ಎರೆ ಮಣ್ಣನ್ನು ಶೆಡ್ಡಿನ ಅಳತೆಗಿಂತ ಸುತ್ತಲೂ ನಾಲ್ಕು ಅಡಿ ಹೆಚ್ಚಾಗಿ ಕೆರೆದು ತೆಗೆಸಬೇಕು. ಆ ಮಣ್ಣು ಹೊಲಕ್ಕೇ ಹೋಗಲಿ. ಬಳಿಕ ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಪುಡಿಯಿಂದ ಗುರುತು ಹಾಕಬೇಕು. ಮೂಲೆ ನೇರ ಇದೆಯೇ ಎಂದು ನೋಡಲು ಗೌಂಡಿಯ ಗುನ್ಯಾ, ಅಂದರೆ ಮೂಲೆಮಟ್ಟ, ಸಾಲದು. ಇಷ್ಟು ದೊಡ್ಡ ಅಳತೆಯಲ್ಲಿ ಕರ್ಣಗಳನ್ನೇ ಅಳೆಯಬೇಕು. 36 ಮತ್ತು 24 ಅಡಿಯ ಚೌಕಟ್ಟಿನಲ್ಲಿ ಎರಡೂ ಕರ್ಣಗಳು 43 ಅಡಿ 3 ಇಂಚಿನ ಆಸುಪಾಸಿನಲ್ಲಿ ಬಂದು, ಒಂದಕ್ಕೊಂದು ಸರಿಹೊಂದಿದರೆ ಮೂಲೆ ನೇರವಾಗಿದೆ. ಇಲ್ಲಿ ಮೂರು ಇಂಚು ತಪ್ಪಿದರೆ ತಗಡು ಹೊದಿಸುವ ದಿನ ಅಂಚು ಓರೆಯಾಗಿ ಕಾಣುತ್ತದೆ, ಆಗ ಮಾಡುವಂಥದ್ದು ಏನೂ ಉಳಿದಿರುವುದಿಲ್ಲ.

ಗುಂಡಿ ಮತ್ತು ಕಂಬ

ಇಡೀ ಶೆಡ್ಡಿನಲ್ಲಿ ಹಣ ಮತ್ತು ಗಮನ ಎರಡನ್ನೂ ಧಾರಾಳವಾಗಿ ಕೊಡಬೇಕಾದುದು ಇಲ್ಲಿ. ಎಂಟು ಕಂಬಗಳ ಮೇಲಿನ ಛಾವಣಿ ಸುಮಾರು 80 ಚದರ ಮೀಟರ್. ಮೇಲೆ ಹೇಳಿದ ಗಾಳಿ ಅದನ್ನು ಎತ್ತಲು ಹೊರಟರೆ ಒಟ್ಟು ಮೂರೂವರೆ ಟನ್ನಿಗೂ ಮೀರಿದ ಬಲ, ಅಂದರೆ ಕಂಬವೊಂದಕ್ಕೆ ನಾನೂರೈವತ್ತು ಕಿಲೋಗೂ ಹೆಚ್ಚು. ಬಾಯಿ ತೆರೆದ ಶೆಡ್ಡಿನೊಳಗೆ ಗಾಳಿ ನುಗ್ಗಿ ಕೆಳಗಿನಿಂದಲೂ ಒತ್ತುವುದರಿಂದ ಈ ಲೆಕ್ಕ ಇನ್ನೂ ಏರುತ್ತದೆ. ಎರಡು ಅಡಿ ಚೌಕ, ನಾಲ್ಕು ಅಡಿ ಆಳದ ಗುಂಡಿಯನ್ನು ಪೂರ್ತಿ ಕಾಂಕ್ರೀಟಿನಿಂದ ತುಂಬಿದರೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕ ಬರುತ್ತದೆ. ಇದಕ್ಕಿಂತ ಸಣ್ಣ ಗುಂಡಿಗೆ ಒಪ್ಪಬಾರದು.

ಆಳ ಎಷ್ಟಿರಬೇಕೆಂಬುದನ್ನು ನೆಲವೇ ಹೇಳಬೇಕು. ಎರೆ ಮಣ್ಣಿನ ಕೆಳಗೆ ಮೂರು-ನಾಲ್ಕು ಅಡಿಗೆ ಗಟ್ಟಿ ಮುರುಮ್, ಅಂದರೆ ಗರಸು ಮಣ್ಣು, ಸಿಕ್ಕಿದರೆ ಅದರೊಳಗೆ ಒಂದು ಅಡಿ ಇಳಿದು ನಿಲ್ಲಿಸಬಹುದು. ಐದಾರು ಅಡಿ ತೋಡಿದರೂ ಕಪ್ಪು ಮಣ್ಣೇ ಬರುತ್ತಿದ್ದರೆ ಸಾಮಾನ್ಯ ಗುಂಡಿಯನ್ನು ಅಲ್ಲಿಗೆ ಬಿಟ್ಟು, ಬುಡದಲ್ಲಿ ಗಂಟೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್ ಹಾಕಿಸಬೇಕಾಗುತ್ತದೆ. ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಪದ್ಧತಿ ಇದು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳಕ್ಕೆ ಇಳಿಸುತ್ತಾರೆ, ಏಕೆಂದರೆ ಅಷ್ಟು ಕೆಳಗೆ ಮಣ್ಣಿನ ತೇವ ಋತುವಿನಿಂದ ಋತುವಿಗೆ ಹೆಚ್ಚು ಬದಲಾಗುವುದಿಲ್ಲ. ಇಂಥಲ್ಲಿ ಎಂಜಿನಿಯರೊಬ್ಬರ ಸಲಹೆಗೆ ಕೊಡುವ ಹಣ ದಂಡವಲ್ಲ.

ಜೆಸಿಬಿಯಿಂದ ಗುಂಡಿ ತೋಡಿಸುವವರು ಒಂದು ವಿಷಯ ಗಮನಿಸಬೇಕು. ಅದರ ಬಕೆಟ್ಟು ತೋಡುವ ಗುಂಡಿಯ ಬಾಯಿ ಅಗಲ, ಬುಡ ಚಿಕ್ಕದು. ಅದರಲ್ಲಿ ಹಾಗೆಯೇ ಕಾಂಕ್ರೀಟು ಸುರಿದರೆ ಮಳೆಗಾಲದಲ್ಲಿ ಉಬ್ಬುವ ಮಣ್ಣು ಆ ಓರೆ ಪಕ್ಕೆಗಳನ್ನು ಕೆಳಗಿನಿಂದ ತಳ್ಳಿ ಕಂಬವನ್ನೇ ಮೇಲೆತ್ತುತ್ತದೆ. ಟ್ರ್ಯಾಕ್ಟರಿಗೆ ಜೋಡಿಸುವ ಆಗರ್‌ನಿಂದ ಅಥವಾ ಆಳುಗಳಿಂದ ಗುಂಡಿಯ ಪಕ್ಕೆಯನ್ನು ನೆಟ್ಟಗೆ ತೆಗೆಸಿ, ಬುಡವನ್ನು ಸುತ್ತಲೂ ಮೂರು-ನಾಲ್ಕು ಇಂಚು ಅಗಲವಾಗಿ ಕೊರೆಸುವುದು ಸರಿಯಾದ ಕ್ರಮ. ಬೀದರ್ ಪಟ್ಟಣದ ಸುತ್ತಲಿನ ಕೆಂಪು ಜಂಬಿಟ್ಟಿಗೆ ನೆಲದಲ್ಲಿ, ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಈ ಉಬ್ಬುವ ಕಾಟವಿಲ್ಲ. ಗಾಳಿಯ ಕಾಟ ಮಾತ್ರ ಅಲ್ಲಿಯೂ ಅಷ್ಟೇ, ಆದ್ದರಿಂದ ಕಾಂಕ್ರೀಟಿನ ತೂಕ ಕಡಿಮೆ ಮಾಡುವಂತಿಲ್ಲ.

ಕಂಬಕ್ಕೆ ನೀಲಗಿರಿ ಅಥವಾ ಸರ್ವೆ ಮರ ಅಗ್ಗವೆನಿಸಿದರೂ ನೆಲದ ಮಟ್ಟದಲ್ಲಿ ಗೆದ್ದಲಿಗೆ ತುತ್ತಾಗುತ್ತದೆ. ನಾಲ್ಕು ಇಂಚಿನ ಬಿ ಕ್ಲಾಸ್ ಪೈಪು, ಅಂದರೆ ನಾಲ್ಕೂವರೆ ಮಿಲಿಮೀಟರ್ ದಪ್ಪದ್ದು, ಈ ಅಳತೆಗೆ ಒಳ್ಳೆಯ ಆಯ್ಕೆ. ಪೈಪು 6 ಮೀಟರ್ ಉದ್ದದಲ್ಲಿ ಬರುತ್ತದೆ. ಮುಂದಿನ ಕಂಬಕ್ಕೆ ಹದಿನೇಳೂವರೆ ಅಡಿ, ಹಿಂದಿನದಕ್ಕೆ ಹದಿನಾಲ್ಕೂವರೆ ಅಡಿ ಕತ್ತರಿಸಿದರೆ ಉಳಿಯುವ ತುಂಡುಗಳು ಓರೆ ಆಧಾರಗಳಿಗೆ ಬರುತ್ತವೆ. ವೆಲ್ಡಿಂಗ್‌ನವರು ಗುಜರಿಗೆ ಹಾಕದಂತೆ ನೋಡಿಕೊಳ್ಳಿ. ಪೈಪಿನ ಬುಡದಲ್ಲಿ ಒಂದೊಂದು ಅಡಿಯ ಎರಡು ಸರಳುಗಳನ್ನು ಅಡ್ಡಡ್ಡ ವೆಲ್ಡ್ ಮಾಡಿಸಿದರೆ ಕಂಬ ಕಾಂಕ್ರೀಟಿನಿಂದ ಕಿತ್ತು ಬರುವುದಿಲ್ಲ.

ಗುಂಡಿಯ ತಳಕ್ಕೆ ಆರು ಇಂಚು ಕಾಂಕ್ರೀಟು ಹಾಕಿ, ಅದು ಗಟ್ಟಿಯಾದ ಮೇಲೆ ಕಂಬ ನಿಲ್ಲಿಸಬೇಕು. ನಾಲ್ಕು ಮೂಲೆಗಳ ಕಂಬಗಳನ್ನು ಮೊದಲು ನಿಲ್ಲಿಸಿ, ತೂಗುಗುಂಡಿನಿಂದ ಎರಡು ಕಡೆ ನೋಡಿ, ಬಿದಿರಿನ ಊರೆ ಕೊಟ್ಟು, ನಡುವಿನವನ್ನು ದಾರಕ್ಕೆ ಹೊಂದಿಸಬೇಕು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿಯ ಮಿಶ್ರಣವನ್ನು ಬೆಳಿಗ್ಗೆಯೇ ಹಾಕಿ ಮುಗಿಸಬೇಕು. ಎಂಟು ಗುಂಡಿಗಳಿಗೆ ಮೂವತ್ತರಿಂದ ಮೂವತ್ತೈದು ಚೀಲ ಸಿಮೆಂಟು ಬೇಕಾಗಬಹುದು. ಕಾಂಕ್ರೀಟು, ಕೊನೆಗೆ ಮುರುಮ್ ಹಾಕಿ ಎತ್ತರಿಸುವ ನೆಲಕ್ಕಿಂತ ಆರು ಇಂಚು ಮೇಲೆ ಬಂದು, ಅದರ ತಲೆ ಹೊರಕ್ಕೆ ಇಳಿಜಾರಾಗಿರಲಿ. ಕಬ್ಬಿಣಕ್ಕೆ ತುಕ್ಕು ಮೊದಲು ಹಿಡಿಯುವುದು ಮಣ್ಣು ಮತ್ತು ಗಾಳಿ ಸೇರುವ ಈ ಜಾಗದಲ್ಲಿ. ಬಳಿಕ ಗೋಣಿಚೀಲ ಸುತ್ತಿ ಹತ್ತು ದಿನ ನೀರುಣಿಸಬೇಕು. ಆ ಹತ್ತು ದಿನ ಕಂಬದ ಮೇಲೆ ಏನನ್ನೂ ಏರಿಸದಿರುವುದೇ ಒಳಿತು, ವೆಲ್ಡಿಂಗ್‌ನವರು ಎಷ್ಟೇ ಅವಸರ ಮಾಡಲಿ.

ಮೇಲಿನ ಕಬ್ಬಿಣ

ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ 24 ಅಡಿಯ ಕೈಂಚಿ, ಅಂದರೆ ಟ್ರಸ್, ಬರುತ್ತದೆ, ಒಟ್ಟು ನಾಲ್ಕು. ಅವುಗಳ ಮೇಲೆ ನಾಲ್ಕು ಅಡಿಗೊಂದರಂತೆ ಪರ್ಲಿನ್, ಅಂದರೆ ತಗಡು ಕೂರುವ ಅಡ್ಡ ಪೈಪುಗಳು. ಇವುಗಳ ದಪ್ಪವನ್ನು ಫ್ಯಾಬ್ರಿಕೇಷನ್ ಅಂಗಡಿಯವರ ಅಂದಾಜಿಗೆ ಬಿಡದೆ ಎಂಜಿನಿಯರ್ ಕೈಯಲ್ಲಿ ಬರೆಸಿಕೊಂಡು, ಮಾಲು ಬಂದಾಗ ತೂಕದ ಚೀಟಿಯೊಂದಿಗೆ ತಾಳೆ ನೋಡಬೇಕು. ದರ ಕಡಿಮೆ ಹೇಳುವವರು ಉಳಿತಾಯ ಮಾಡುವುದು ಬಹುತೇಕ ಪರ್ಲಿನ್ನಿನ ದಪ್ಪದಲ್ಲಿ. ಹಿಂಬದಿ ಮತ್ತು ಎರಡು ಪಕ್ಕಗಳಲ್ಲಿ ಕತ್ತರಿಯಾಕಾರದ ಆಧಾರ, ಮುಂಬದಿಯ ಕಂಬಗಳ ತಲೆಯಲ್ಲಿ ಓರೆ ತುಂಡುಗಳು ಇರಲೇಬೇಕು. ಇಲ್ಲದಿದ್ದರೆ ಪಕ್ಕದಿಂದ ಬೀಸಿದ ಗಾಳಿಗೆ ಇಡೀ ಚೌಕಟ್ಟು ವಾಲುತ್ತದೆ. ಕೂಡುಗಳನ್ನು ಸುತ್ತಲೂ ವೆಲ್ಡ್ ಮಾಡಿಸಿ, ಕಂಬಗಳ ತೆರೆದ ತುದಿ ಮುಚ್ಚಿಸಿ, ಪ್ರೈಮರಿನ ಮೇಲೆ ಎರಡು ಕೈ ಬಣ್ಣ ಹೊಡೆಸಿದರೆ ಈ ಹಂತ ಮುಗಿಯಿತು.

ತಗಡು

ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ಇಳಿಜಾರಿನ ಪೂರ್ತಿ ಉದ್ದಕ್ಕೆ ಒಂದೇ ತುಂಡಾಗಿ, ಮುಂದೆ ಎರಡು ಅಡಿ ಮತ್ತು ಹಿಂದೆ ಒಂದು ಅಡಿ ಚಾಚುವಂತೆ ತರಿಸಬೇಕು. ಹೊದಿಸುವುದನ್ನು ಉತ್ತರದ ತುದಿಯಿಂದ ಆರಂಭಿಸಿ ದಕ್ಷಿಣಕ್ಕೆ ಬರಬೇಕು. ಆಗ ಪ್ರತಿ ತಗಡಿನ ಮೇಲಂಚು ನೈಋತ್ಯದ ಗಾಳಿಗೆ ಬೆನ್ನು ಮಾಡಿರುತ್ತದೆ, ಗಾಳಿ ಅಂಚಿನೊಳಗೆ ನುಗ್ಗಲಾರದು. ಸ್ಕ್ರೂಗಳಿಗೆ ರಬ್ಬರ್ ವಾಷರ್ ಇರಲಿ; ವಾಷರ್ ಅಪ್ಪಚ್ಚಿಯಾಗುವಷ್ಟು ಬಿಗಿದರೆ ಎರಡು ಬೇಸಿಗೆಯಲ್ಲಿ ಅದು ಸೀಳುತ್ತದೆ. ಗಾಳಿ ಮೊದಲು ಕೈ ಹಾಕುವುದು ಮೂಲೆ ಮತ್ತು ಅಂಚುಗಳಿಗಾದ್ದರಿಂದ ನಾಲ್ಕೂ ಕಡೆಯ ಕೊನೆಯ ಸಾಲುಗಳಲ್ಲಿ ಸ್ಕ್ರೂಗಳ ಸಂಖ್ಯೆಯನ್ನು ಇಮ್ಮಡಿ ಮಾಡಬೇಕು. ತಗಡಿನ ಮೇಲೆ ಕಲ್ಲು ಹೇರುವ ಪದ್ಧತಿ ಮನೆಯ ಪತ್ರಾಸಿನಿಂದ, ಅಂದರೆ ತಗಡಿನ ಮಾಡಿನಿಂದ ಬಂದದ್ದು. ಗಾಳಿಯಲ್ಲಿ ಆ ಕಲ್ಲೇ ಕೆಳಗಿದ್ದವರ ತಲೆಯ ಮೇಲೆ ಬೀಳುತ್ತದೆ.

ಹಿಂಬದಿಗೂ ತಗಡು ಹೊಡೆಸಿ, ಛಾವಣಿಯ ಕೆಳಗೆ ಒಂದೂವರೆ ಅಡಿ ಖಾಲಿ ಬಿಡಬೇಕು. ಪೂರ್ವದಿಂದ ನುಗ್ಗಿದ ಗಾಳಿಗೆ ಹೊರಹೋಗಲು ದಾರಿ ಸಿಗುತ್ತದೆ, ಬೇಸಿಗೆಯ ಕಾವೂ ಅಲ್ಲಿಂದಲೇ ಹೋಗುತ್ತದೆ.

ನೀರು ಮತ್ತು ನೆಲ

50 ಮಿಲಿಮೀಟರ್ ಮಳೆಗೆ ಈ ಛಾವಣಿಯಿಂದ ನಾಲ್ಕು ಸಾವಿರ ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದು ಹಿಂದಿನ ಕಂಬಗಳ ಬುಡದಲ್ಲೇ ಸುರಿದರೆ ಎರೆ ಮಣ್ಣು ಅಲ್ಲಿ ಮಾತ್ರ ಉಬ್ಬಿ, ಹಿಂದಿನ ಸಾಲು ಒಂದು ಕಡೆ ಏಳುತ್ತದೆ. ಛಾವಣಿಯ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ನೀರನ್ನು ಕೃಷಿ ಹೊಂಡಕ್ಕೋ ಕನಿಷ್ಠ ಹತ್ತು ಅಡಿ ದೂರಕ್ಕೋ ಸಾಗಿಸಬೇಕು.

ಕೆರೆದ ಜಾಗಕ್ಕೆ ಮುರುಮನ್ನು ಆರು ಇಂಚಿನ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ರೋಲರ್ ಹೊಡೆಸಿ, ಸುತ್ತಲಿನ ಹೊಲಕ್ಕಿಂತ ಒಂದು ಅಡಿ ಎತ್ತರಿಸಬೇಕು. ಇಡೀ ನೆಲಕ್ಕೆ ಕಾಂಕ್ರೀಟು ಹಾಕುವುದನ್ನು ನಾನು ಸೂಚಿಸುವುದಿಲ್ಲ. ಎರೆ ಮಣ್ಣಿನ ಮೇಲೆ ಅದು ಬಿರುಕುಬಿಡುತ್ತದೆ, ರಿಪೇರಿಯೂ ಸುಲಭವಲ್ಲ. ಗ್ರೀಸು, ಆಯಿಲ್ ಬದಲಿಸಲು ಒಂದು ಅಂಕಣಕ್ಕೆ ಮಾತ್ರ ಹಾಕಿಸಿಕೊಳ್ಳಬಹುದು. ಸಲಕರಣೆಗಳ ಕೆಳಗೆ ಶಹಾಬಾದ್ ಫರಸಿಯ (ಹಾಸುಗಲ್ಲಿನ) ತುಂಡುಗಳನ್ನು ಹಾಸಿದರೆ ಕಲ್ಟಿವೇಟರಿನ ಕುಳಗಳು, ರೋಟವೇಟರಿನ ಬ್ಲೇಡುಗಳು ಹಸಿ ಮಣ್ಣಿಗೆ ತಾಗುವುದಿಲ್ಲ. ಅದೇ ಫರಸಿಯ ಮೇಲೆ ಟ್ರ್ಯಾಕ್ಟರು ಹತ್ತಿಸಿದರೆ ಒಡೆಯುತ್ತದೆ.

ಶೆಡ್ಡು ಸಿದ್ಧವಾದೊಡನೆ ತೊಗರಿ ಕಟ್ಟಿಗೆ, ಕಣಕಿ, ಹೊಟ್ಟು ಎಲ್ಲವೂ ಅಲ್ಲಿಗೇ ಬರತೊಡಗುತ್ತವೆ. ಡೀಸೆಲ್ ಇರುವ ಜಾಗಕ್ಕೆ ಇವು ಬೇಡ. ಬೆಂಕಿಯ ಭಯ ಒಂದಾದರೆ, ಹೊಟ್ಟಿಗೆ ಬಂದ ಇಲಿ ಟ್ರ್ಯಾಕ್ಟರಿನ ವೈರು ಕಡಿಯುವುದು ಇನ್ನೊಂದು. ಪ್ರತಿ ವರ್ಷ ಯುಗಾದಿಯ ಹೊತ್ತಿಗೆ ಏಣಿ ಹಾಕಿ ಅಂಚಿನ ಸ್ಕ್ರೂಗಳನ್ನು ಒಮ್ಮೆ ಬಿಗಿ ಮಾಡಿ, ಸೀಳಿದ ವಾಷರ್ ಬದಲಿಸಿ, ಕಂಬದ ಸುತ್ತ ಬೇಸಿಗೆಯಲ್ಲಿ ಬಿಟ್ಟ ಬಿರುಕುಗಳಿಗೆ ಮುರುಮ್ ತುಂಬಿಸಬೇಕು.