12 ಸಾವಿರ ರೂಪಾಯಿ, ಒಂದು ಕೊಳಗ, ಎರಡು ಸೇರು

ಸಕಲೇಶಪುರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿತ್ತು. ಊರಿನ ಹಳೇ ಸಾಮಾನು ಅಲ್ಲಿಡೋಣ ಅಂದೆ. ಜನ ಖುಷಿಯಿಂದ ಕೊಟ್ಟರು. ನೇಗಿಲು, ಮಳೆಗೆ ಹೊದೆಯೋ ಗೊರಬು, ಲಾಟೀನು, ಬೀಸೋ ಕಲ್ಲು, ಎಲ್ಲವನ್ನೂ ಸಾಲಾಗಿಟ್ಟು ಚೀಟಿ ಅಂಟಿಸಿದೆ. ಮಕ್ಕಳು ಒಂದು ಸುತ್ತು ಹಾಕಿ ಹೊರಟೇ ಹೋದರು. ಎರಡು ನಿಮಿಷವೂ ನಿಲ್ಲಲಿಲ್ಲ.

ಆಮೇಲೆ ಒಂದೇ ವಿಷಯ ಹಿಡಿದೆ: ಅಳತೆ. 1958ರ ಅಕ್ಟೋಬರ್‌ನಿಂದ ದೇಶದಲ್ಲಿ ಮೆಟ್ರಿಕ್ ಅಳತೆ ಹಂತ ಹಂತವಾಗಿ ಬಂತು. ಅದಕ್ಕೂ ಮುಂಚೆ ನಮ್ಮ ಭತ್ತ, ರಾಗಿ ಎಲ್ಲ ಚಟಾಕು, ಪಾವು, ಅಚ್ಚೇರು (ಅರ್ಧ ಸೇರು), ಸೇರು, ಕೊಳಗ ಅನ್ನೋ ಅಳತೆ ಪಾತ್ರೆಗಳ ಲೆಕ್ಕ. ಗದ್ದೆಯನ್ನೂ ಎಷ್ಟು ಬೀಜ ಬಿತ್ತಬಹುದು ಅನ್ನೋದರಿಂದಲೇ ಹೇಳುತ್ತಿದ್ದರು. ಖಂಡುಗದ ಗದ್ದೆ ಅಂದರೆ ಒಂದು ಖಂಡುಗ, ಅಂದರೆ 20 ಕೊಳಗ, ಭತ್ತ ಬಿತ್ತುವ ಗದ್ದೆ. ಇದನ್ನು ಬರೆದು ತೂಗುಹಾಕಿದರೆ ಯಾರೂ ಓದಲ್ಲ. ಅಳೆದು ನೋಡಬೇಕು, ಅಲ್ವಾ?

ಊರಿನವರು ಸೇರಿಸಿ ಕೊಟ್ಟಿದ್ದು 12 ಸಾವಿರ. ಮೊದಲ ತಪ್ಪು ಅಲ್ಲೇ ಮಾಡಿದೆ. ಅದರಲ್ಲಿ 3 ಸಾವಿರ ಕೊಟ್ಟು ಗಾಜಿನ ಪೆಟ್ಟಿಗೆ ಮಾಡಿಸಿ ಮರದ ಕೊಳಗವನ್ನು ಒಳಗಿಟ್ಟೆ. ಜುಲೈ ಮಳೆಯಲ್ಲಿ ಒಳಗಿನ ತೇವ ಹೊರಗೆ ಹೋಗಲೇ ಇಲ್ಲ. ಕೊಳಗದ ಮೇಲೆ ಬಿಳಿ ಬೂಷ್ಟು. ಒಣ ಬ್ರಷ್‌ನಲ್ಲಿ ಉಜ್ಜಿ, ನೆರಳಲ್ಲಿ ಗಾಳಿಗಿಟ್ಟು ಸರಿ ಮಾಡಿದೆ. ಈಗ ಅದು ತೆರೆದ ಹಲಗೆಯ ಮೇಲಿದೆ, ಗೋಡೆಯಿಂದ ನಾಲ್ಕು ಬೆರಳು ದೂರ. ಮಲೆನಾಡಲ್ಲಿ ಮರದ ಸಾಮಾನು ಇಡೋರು ಗಾಜಿಗೆ ದುಡ್ಡು ಹಾಕಬೇಡಿ. ಗಾಳಿ ಆಡಲಿ.

ಉಳಿದ ಹಣದ ಹೆಚ್ಚಿನ ಪಾಲು ಒಂದು ಮೇಜಿಗೆ ಹೋಯಿತು. ಎತ್ತರ ಎರಡು ಅಡಿ, ಸುತ್ತ ಮೂರು ಬೆರಳಿನ ಅಂಚು. ಚೆಲ್ಲಿದ್ದು ಅಲ್ಲೇ ಉಳಿಯುತ್ತದೆ. ಹಳೇ ಅಳತೆಗಳನ್ನು ಮಕ್ಕಳ ಕೈಗೆ ಕೊಡಲು ಮನಸ್ಸು ಬರಲಿಲ್ಲ. ತಗಡಿನ ಕೆಲಸದವರ ಹತ್ತಿರ ಅದೇ ಗಾತ್ರದ ನಕಲು ಮಾಡಿಸಿದೆ. ಹಳೇ ಸೇರಿನಲ್ಲಿ ನೀರು ತುಂಬಿ ಹೊಸದಕ್ಕೆ ಸುರಿದು ನೋಡೋದು, ಜಾಸ್ತಿ ಹಿಡಿದರೆ ಅಂಚು ಕತ್ತರಿಸೋದು. ಮೂರು ಸಲ ಹೋಗಬೇಕಾಯಿತು.

ಅಳೆಯಲು ಮೊದಲು ಭತ್ತ ಹಾಕಿದ್ದೆ. ಒಂದೇ ವಾರಕ್ಕೆ ಇಲಿ ಬಂತು. ಆಮೇಲೆ ಒಬ್ಬ ತೋಟದವರು ಬಣ್ಣ ಕೆಟ್ಟು ಬೆಲೆ ಬಾರದ ಪಾರ್ಚ್‌ಮೆಂಟ್ ಕಾಫಿ (ಒಳಹೊಟ್ಟು ಇನ್ನೂ ತೆಗೆಯದ ಕಾಫಿ ಬೀಜ) ಒಂದು ಮೂಟೆ ಕೊಟ್ಟರು. ಇದನ್ನು ಇಲಿ ಮುಟ್ಟಿಲ್ಲ, ಕೆಳಗೆ ಬಿದ್ದರೆ ಗುಡಿಸಲು ಸುಲಭ. ಬಿಸಿಲು ಬಂದಾಗ ಒಣಗಿಸಿದರೆ ಸಾಕು.

ಬರಹದ ಫಲಕಗಳಿಗೆ ಒಂದು ಕಿವಿಮಾತು. ಮುದ್ರಣಕ್ಕೆ ಕೊಟ್ಟ ಅಂಗಡಿಯಲ್ಲಿ ಫಾಂಟ್ ಬದಲಾಗಿ ಒತ್ತಕ್ಷರಗಳೆಲ್ಲ ಚದುರಿಹೋದವು. 'ಅಚ್ಚೇರು' ಓದಲೇ ಆಗುತ್ತಿರಲಿಲ್ಲ. ಈಗ ಪಿಡಿಎಫ್ ಮಾಡಿ ಕೊಡುತ್ತೇನೆ, ಒಂದು ಹಾಳೆ ಮುದ್ರಿಸಿ ನೋಡಿದ ಮೇಲೆಯೇ ಉಳಿದದ್ದು. ಒಂದು ಫಲಕಕ್ಕೆ 40 ಪದ, ಅದಕ್ಕಿಂತ ಜಾಸ್ತಿ ಬೇಡ. ಐದನೇ ತರಗತಿ ಮಗುವಿನ ಕಣ್ಣಿನ ಎತ್ತರಕ್ಕೆ ಹೊಡೆಯಿರಿ.

ನಾನು ಊಹಿಸದೇ ಇದ್ದದ್ದು ಒಂದಿದೆ. ಎರಡು ಮನೆಯಿಂದ ಬಂದ ಸೇರುಗಳು ಒಂದೇ ಗಾತ್ರ ಇರಲಿಲ್ಲ. ಹತ್ತಿರ ಹತ್ತಿರ ಒಂದು ಹಿಡಿ ವ್ಯತ್ಯಾಸ. ಎರಡರ ನಕಲನ್ನೂ ಪಕ್ಕಪಕ್ಕ ಇಟ್ಟು, 'ಇದರಿಂದ ಅದಕ್ಕೆ ಸುರಿ' ಎಂದಷ್ಟೇ ಬರೆದೆ. ಮಕ್ಕಳು ಅಲ್ಲೇ ಗುಂಪು ಕಟ್ಟುತ್ತಾರೆ. ಯಾರ ಸೇರಲ್ಲಿ ಸಾಲ ಕೊಟ್ಟರು, ಯಾರ ಸೇರಲ್ಲಿ ವಾಪಸ್ ಪಡೆದರು ಅನ್ನೋ ಪ್ರಶ್ನೆ ಒಬ್ಬ ಹುಡುಗಿಯದು. ಮೆಟ್ರಿಕ್ ಯಾಕೆ ಬೇಕಾಯಿತು ಅಂತ ನಾನು ವಿವರಿಸಬೇಕಾಗಲೇ ಇಲ್ಲ.

ಕೊಳಗ ಕೊಟ್ಟ ಅಜ್ಜಿ ಒಂದು ದಿನ ನೋಡಲು ಬಂದರು. ನಾನು ಒಂದು, ಎರಡು ಅಂತ ಅಳೆಯುತ್ತಿದ್ದೆ. "ಒಂದು ಅನ್ಬೇಡಿ ಮೇಷ್ಟ್ರೇ, ಲಾಭ ಅನ್ನಿ" ಅಂದರು. ಹೌದು, ಕಣದಲ್ಲಿ ಮೊದಲ ಕೊಳಗಕ್ಕೆ 'ಲಾಭ' ಅಂತಲೇ ಎಣಿಕೆ. ಮಕ್ಕಳನ್ನು ನಿಲ್ಲಿಸಿ ಅವರೇ 20 ಕೊಳಗ ಅಳೆಸಿದರು, ಒಂದು ಖಂಡುಗ. ಅವರ ಎಣಿಕೆಯನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೇನೆ. ಅದನ್ನು ಕೋಣೆಯಲ್ಲಿ ಕೇಳಿಸಲು ಒಂದು ಸಣ್ಣ ಸ್ಪೀಕರ್‌ಗೆ ಇನ್ನೂ 600 ರೂಪಾಯಿ ಬೇಕು. ಬಳ್ಳ ಅನ್ನೋ ಇನ್ನೊಂದು ಹಳೇ ಅಳತೆ ಯಾರ ಮನೆಯಲ್ಲೂ ಸಿಕ್ಕಿಲ್ಲ, ಮೇಜಿನ ಮೇಲೆ ಅದಕ್ಕೆ ಜಾಗ ಬಿಟ್ಟಿದ್ದೇನೆ.