ಐದು ಡಬ್ಬಿ, ಆರುನೂರು ಚೀಟಿ: ನನ್ನ ಅನುಭವ

ಶಿರಸಿ ಹತ್ತಿರದ ಒಂದು ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ರಾಮನ ಅರ್ಥ (ಪಾತ್ರದ ಆಶು ಮಾತು) ಹೇಳುತ್ತಿದ್ದೆ. ಎದುರಿನ ವಾಲಿಯ ಪಾತ್ರಧಾರಿ ಕೇಳಿದರು: "ನಾನು ಮೃಗ, ಅದಕ್ಕೇ ಅಡಗಿ ಕೊಂದೆ ಎನ್ನುತ್ತೀಯೆ. ಮೃಗಕ್ಕೆ ತಮ್ಮನ ಹೆಂಡತಿ ಎಂಬ ಧರ್ಮ ಎಲ್ಲಿಂದ ಬಂತು ರಾಮಾ?" ನನ್ನ ಬಾಯಿ ಕಟ್ಟಿಹೋಯಿತು. ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿಕೊಂಡು ಮಾನ ಉಳಿಸಿದರು. ಆಗ ನನಗೆ 46. "ಇನ್ನು ಬುದ್ಧಿ ಬೆಳೀತಿಲ್ಲೆ ಭಾವ" ಎಂದರು ನೆಂಟರು.

ನಾನು ಒಪ್ಪಲಿಲ್ಲ. ಪ್ಯಾರಿಸ್‌ನ ಮನೋವಿಜ್ಞಾನಿ ಬಿನೆ 1905ರಲ್ಲಿ ಬುದ್ಧಿಯ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ಕಲಿಸಲಿಕ್ಕೆ. ಕಲಿಸಿದರೆ ಬುದ್ಧಿ ಬೆಳೆಯುತ್ತದೆ ಎಂದೇ ಅವರು ನಂಬಿದ್ದರು. ನಮ್ಮಂಥ ಅರ್ಥಧಾರಿಗಳಿಗೆ ಬುದ್ಧಿ ಅಂದರೆ ಗೊತ್ತಿದ್ದದ್ದು ಬೇಕಾದ ಗಳಿಗೆಗೆ ಬಾಯಿಗೆ ಬರುವುದು, ಅಲ್ವಾ?

ಮೊದಲು ದುಡ್ಡು ಕಳೆದೆ. ಹುಬ್ಬಳ್ಳಿಯಲ್ಲಿ ಎರಡು ದಿನದ ನೆನಪಿನ ಶಕ್ತಿಯ ತರಗತಿ. ಬಸ್ಸು, ವಸತಿ ಸೇರಿ ಹತ್ತು ಹನ್ನೊಂದು ಸಾವಿರ ಆಗಿರಬೇಕು. ಕಿರಾಣಿ ಪಟ್ಟಿ ನೆನಪಿಡಲಿಕ್ಕೆ ಬಂತು, ಅರ್ಥಕ್ಕೆ ಬರಲಿಲ್ಲ. ಫೋನಿನಲ್ಲಿ ಮೆದುಳಿನ ಆಟ ಎರಡು ತಿಂಗಳು ಆಡಿದೆ. ಆಟದ ಅಂಕ ಮಾತ್ರ ಏರಿತು. ನೆನಪಿಗೆ ಒಳ್ಳೆಯದು ಅಂತ ಒಂದು ಮಳೆಗಾಲ ಪೂರ್ತಿ ಒಂದೆಲಗದ ತಂಬುಳಿ ಉಂಡೆ. ರುಚಿಗೆ ಈಗಲೂ ಉಣ್ಣುತ್ತೇನೆ, ಆದರೆ ಮಾತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಲ್ಲಕ್ಕಿಂತ ಜಾಸ್ತಿ ಕಾಲ ಹಾಳಾದದ್ದು ಓದಿದ್ದನ್ನೇ ಓದುವುದರಲ್ಲಿ. ಏಳೆಂಟು ನೋಟ್‌ಬುಕ್ ತುಂಬ ಗೆರೆ ಎಳೆದಿದ್ದೆ. ಓದುವಾಗ ಎಲ್ಲ ಗೊತ್ತು ಅನ್ನಿಸುತ್ತಿತ್ತು. ಪುಸ್ತಕ ಮುಚ್ಚಿದರೆ ಅರ್ಧವೂ ಬರುತ್ತಿರಲಿಲ್ಲ.

ಕೈ ಹಿಡಿದದ್ದು ಚೀಟಿ. ಲೈಟ್ನರ್ ಎಂಬ ಪತ್ರಕರ್ತರು 1972ರಲ್ಲಿ ಬರೆದ ಪೆಟ್ಟಿಗೆಯ ಪದ್ಧತಿ. ಹಳೇ ಮದುವೆ ಕಾಗದ ಕತ್ತರಿಸಿದೆ. ಪೆನ್ನಿಗೆ ನಲವತ್ತು ರೂಪಾಯಿ, ಅಷ್ಟೇ ಖರ್ಚು. ಚೀಟಿಯ ಮುಂದೆ ಎದುರಾಳಿಯ ಪ್ರಶ್ನೆ, ಹಿಂದೆ ನನ್ನ ಉತ್ತರ. ಉತ್ತರ ಗಟ್ಟಿಯಾಗಿ ಹೇಳಿ, ಆಮೇಲೆ ತಿರುಗಿಸಿ ನೋಡಬೇಕು. ಸರಿಯಾದರೆ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ತೆಗೆದು ನೋಡುವ ಹಾಗೆ ಐದು ಡಬ್ಬಿ. ಕೊಟ್ಟಿಗೆ ಕೆಲಸಕ್ಕೆ ಮುಂಚೆ ಇಪ್ಪತ್ತು ನಿಮಿಷ ಸಾಕು. ಮೊದಲ ನಾಲ್ಕು ತಿಂಗಳು ಪಾತ್ರಗಳನ್ನು ಬೇರೆ ಬೇರೆ ಇಟ್ಟು ತಪ್ಪು ಮಾಡಿದೆ. ರಾಮ, ಕರ್ಣ, ಕೃಷ್ಣ ಎಲ್ಲ ಕಲಸಿದ ಮೇಲೆಯೇ ಚುರುಕು ಬಂದದ್ದು. ಅಡಿಕೆ ಸುಲಿಯುವಾಗ ಮಗಳು ಚೀಟಿಯಲ್ಲಿ ಇಲ್ಲದ ಪ್ರಶ್ನೆ ಎಸೆಯುತ್ತಿದ್ದಳು.

ಎರಡು ವರ್ಷದಲ್ಲಿ ಸುಮಾರು ಆರುನೂರು ಚೀಟಿ ಆದವು. ಕಳೆದ ಆಷಾಢದಲ್ಲಿ ಅದೇ ವಾಲಿ ಎದುರು ಕೂತರು. ಅದೇ ಪ್ರಶ್ನೆ. ಉತ್ತರ ಕೊಟ್ಟು, ನಾನೂ ಒಂದು ಕೇಳಿದೆ. ಅದು ರಾಮನ ಯಾವ ಚೀಟಿಯಲ್ಲೂ ಇರಲಿಲ್ಲ, ಕರ್ಣನ ಚೀಟಿಯೊಂದರಿಂದ ಅಲ್ಲೇ ಹೊಳೆದದ್ದು. ಅವರು ಒಂದು ಗಳಿಗೆ ಸುಮ್ಮನಾದರು. ಸಭೆ ಚಪ್ಪಾಳೆ ತಟ್ಟಿತು.

ಆ ಉತ್ತರ, ಆ ಪ್ರಶ್ನೆ ಎರಡನ್ನೂ ಇಲ್ಲಿ ಬರೆಯುವುದಿಲ್ಲ, ಈ ಮಳೆಗಾಲಕ್ಕೆ ನನಗೆ ಬೇಕು. ಇಷ್ಟು ಹೇಳುತ್ತೇನೆ: ಚೀಟಿಯ ಹಿಂದೆ ಪೂರ್ತಿ ಉತ್ತರ ಬರೆಯಬೇಡಿ. ಮೂರು ಶಬ್ದ ಸಾಕು.