ಕಿಡ್ನಾಪ್ ಕೇಸಿನ ಫೈಲ್ ನಾನು ಓದುವ ಬಗೆ

ನಾನು ಶಿರಸಿ, ಕಾರವಾರದ ಕಡೆ ಆರೋಪಿಗಳ ಪರ ಕ್ರಿಮಿನಲ್ ಕೇಸು ನಡೆಸುವ ವಕೀಲ. ಕಿಡ್ನಾಪ್ ಅಂದರೆ ಜನರಿಗೆ ನೆನಪಾಗುವುದು ವ್ಯಾನು, ಬೆದರಿಕೆ ಫೋನು, ದುಡ್ಡು. ನನ್ನ ಟೇಬಲ್ಲಿಗೆ ಜಾಸ್ತಿ ಬರುವುದು ಹುಡುಗ, ಹುಡುಗಿ ಸೇರಿ ಗೋವಾ ಬಸ್ ಹತ್ತಿದ ಫೈಲುಗಳು.

ಹುಡುಗನ ಮನೆಯವರು ಕೂತ ಕೂಡಲೇ ಹೇಳುತ್ತಾರೆ: "ಅವಳೇ ಬಂದದ್ದು ಮಾರಾಯ್ರೇ, ಇವ ಕರೆದದ್ದಲ್ಲ." ನಾನು ಕೇಳುವುದು ಅವಳ ವಯಸ್ಸು. 18 ತುಂಬದಿದ್ದರೆ ಅವಳ ಒಪ್ಪಿಗೆ ಲೆಕ್ಕಕ್ಕಿಲ್ಲ, ಬೇಕಾದದ್ದು ಪಾಲಕರ ಒಪ್ಪಿಗೆ. ಮದುವೆ ಆಗುವವನಿದ್ದ ಅನ್ನುವುದೂ ಉಪಯೋಗಕ್ಕೆ ಬಾರದು. ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾನೂನು ಪೋಕ್ಸೊ ಸೇರಿಕೊಂಡಿದ್ದರಂತೂ ಕಷ್ಟ ಇನ್ನೂ ದೊಡ್ಡದು.

ಹಾಗಾಗಿ ಶಾಲೆಯ ದಾಖಲೆಯ ಹಿಂದೆ ಬೀಳುತ್ತೇನೆ. ಶಾಲೆಯ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ಪಂಚಾಯ್ತಿ ಅಥವಾ ಪುರಸಭೆಯ ಜನನ ಪತ್ರ. ಇವು ಯಾವುದೂ ಇಲ್ಲದಾಗ ಮಾತ್ರ ವಯಸ್ಸು ಅಂದಾಜಿಸುವ ಎಲುಬಿನ ಪರೀಕ್ಷೆ. ಆ ಜನ್ಮದಿನಾಂಕ ಬರೆಸಿದವರು ಯಾರು, ಯಾವ ಆಧಾರದ ಮೇಲೆ ಅಂತ ಮುಖ್ಯೋಪಾಧ್ಯಾಯರನ್ನು ಪಾಟೀಸವಾಲಿನಲ್ಲಿ ಕೇಳುತ್ತೇನೆ.

ಘಟನೆಯ ತಾರೀಕೂ ಮುಖ್ಯ. 2024ರ ಜುಲೈ 1ಕ್ಕಿಂತ ಹಿಂದಿನದಾದರೆ ಹಳೆಯ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 363, ಆಮೇಲಿನದಾದರೆ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ, ಅಂದರೆ ಬಿಎನ್‌ಎಸ್‌ನ, 137. ಎರಡರಲ್ಲೂ 7 ವರ್ಷದವರೆಗೆ ಜೈಲು. ಆದರೆ ಪಾಲಕರ ಒಪ್ಪಿಗೆ ಬೇಕಾಗುವ ವಯಸ್ಸಿನ ಮಿತಿ ಹಳೆಯ ಕಾನೂನಿನಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. ಈಗ ಇಬ್ಬರಿಗೂ 18.

ವಯಸ್ಸು ಕೈಕೊಟ್ಟರೆ ಉಳಿಯುವುದು 'ಕರೆದೊಯ್ದನೇ, ಪುಸಲಾಯಿಸಿದನೇ' ಅನ್ನುವ ಪ್ರಶ್ನೆ. ಇಲ್ಲಿ ವರದರಾಜನ್ ಕೇಸು ನನಗೆ ಆಸರೆ. ಹದಿನೆಂಟರ ಅಂಚಿನಲ್ಲಿದ್ದ ಕಾಲೇಜು ಹುಡುಗಿ ತಾನೇ ಫೋನು ಮಾಡಿ ಕರೆಸಿಕೊಂಡಿದ್ದಳು. ಜೊತೆಗೆ ಹೋದದ್ದೇ 'ಕರೆದೊಯ್ದದ್ದು' ಆಗಲ್ಲ, ಮನೆ ಬಿಡುವ ಮನಸ್ಸು ಮಾಡಿಸಿದ್ದರಲ್ಲಿ ಅವನ ಕೈ ಇರಬೇಕು ಅಂತ ಸುಪ್ರೀಂ ಕೋರ್ಟ್ 1964ರಲ್ಲಿ ಅವನನ್ನು ಬಿಟ್ಟಿತು. ಆದರೆ ಸುಮ್ನೆ ಇದೊಂದನ್ನೇ ಹಿಡಿದು ನಿಂತರೆ ಸರ್ಕಾರಿ ವಕೀಲರು 1973ರ ವಡ್ಗಾಮ ತೀರ್ಪು ಮುಂದಿಡುತ್ತಾರೆ. ಅದರ ಪ್ರಕಾರ ಹಿಂದೆಂದೋ ಆಸೆ ತೋರಿಸಿದ್ದು ರುಜುವಾತಾದರೆ, ಕೊನೇ ದಿನ ಅವಳಾಗಿ ಬಂದಳು ಅಂದರೂ ಬಚಾವಾಗುವುದು ಕಷ್ಟ. ಅದಕ್ಕೇ ಆ ದಿನದ್ದು ಮಾತ್ರವಲ್ಲ, ತಿಂಗಳುಗಳ ಹಿಂದಿನ ವಾಟ್ಸಾಪ್ ಮೆಸೇಜುಗಳನ್ನೂ ಮೊದಲೇ ಓದಿಕೊಳ್ಳುತ್ತೇನೆ.

ಪೊಲೀಸರು ಜೊತೆಗೆ ಐಪಿಸಿ 366, ಈಗಿನ ಬಿಎನ್‌ಎಸ್ 87, ಹಾಕಿರುತ್ತಾರೆ. ಅದಕ್ಕೆ 10 ವರ್ಷದವರೆಗೆ ಶಿಕ್ಷೆ, ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿ. ಬಲವಂತದ ಮದುವೆಯ ಅಥವಾ ಅಕ್ರಮ ಸಂಬಂಧದ ಉದ್ದೇಶ ಅಲ್ಲಿ ಕಾಣಬೇಕು. ಕೋರ್ಟು ಆರೋಪ ನಿಗದಿ ಮಾಡುವ ಚಾರ್ಜ್ ಹಂತದಲ್ಲೇ ನಾನು ಇದರ ಮೇಲೆ ವಾದ ಮಾಡುತ್ತೇನೆ. ಅದು ಬಿದ್ದು 363 ಮಾತ್ರ ಉಳಿದರೆ ಕೇಸು ಮ್ಯಾಜಿಸ್ಟ್ರೇಟರಿಗೆ ವಾಪಸ್ ಬರಬಹುದು.

ಹುಡುಗಿಗೆ 18 ದಾಟಿದ್ದರೆ ದಾರಿಯೇ ಬೇರೆ. ಆಗ ಬಲಪ್ರಯೋಗ ಅಥವಾ ಮೋಸ ತೋರಿಸಬೇಕು. ಅದನ್ನು ಅಬ್ಡಕ್ಷನ್ ಅನ್ನುತ್ತೇವೆ. ಅದಷ್ಟೇ ಇದ್ದರೆ ಈ ಸೆಕ್ಷನ್‌ಗಳಲ್ಲಿ ಶಿಕ್ಷೆಯಿಲ್ಲ. ಕೊಲೆ, ಒತ್ತೆ, ಬಲವಂತದ ಮದುವೆಯಂಥ ಉದ್ದೇಶವೂ ಬೇಕು.

ಮಾಜಾಳಿಯಲ್ಲಿ ಗೋವಾ ಗಡಿ ದಾಟಿದರೆ ಸೆಕ್ಷನ್ ಏರುತ್ತದೆ ಅಂತ ಹಲವರು ಹೆದರುತ್ತಾರೆ. ಹಾಗಿಲ್ಲ. ಕಾನೂನು ಹೇಳುವ ಗಡಿ ಭಾರತದ್ದು. ಗೋವಾದಲ್ಲಿ ಇಟ್ಟುಕೊಂಡಿದ್ದರೆ ಅಲ್ಲಿನ ಕೋರ್ಟೂ ವಿಚಾರಣೆ ನಡೆಸಬಹುದು, ಅಷ್ಟೇ.

ಅಪ್ಪನೇ ಮಗುವನ್ನು ಕರೆದುಕೊಂಡು ಹೋದ ಅಂತ ಅಮ್ಮ ದೂರು ಕೊಟ್ಟ ಫೈಲೂ ಬರುತ್ತದೆ. ಅಪ್ಪನೂ ಸಹಜ ಪಾಲಕ, ಅಲ್ವಾ? ಹಾಗಾಗಿ ಅಲ್ಲಿ ಎಫ್‌ಐಆರ್‌ಗಿಂತ ಮೊದಲು ನಾನು ಕೇಳುವುದು, ಮಗು ಅಮ್ಮನ ಬಳಿಯೇ ಇರಬೇಕೆಂದು ಯಾವುದಾದರೂ ಕೋರ್ಟ್ ಆದೇಶ ಮಾಡಿದೆಯೇ ಅಂತ. ಇದ್ದರೆ ಅದರ ಪ್ರತಿ ತರಿಸಿಕೊಂಡೇ ಮಾತು ಮುಂದುವರಿಸುತ್ತೇನೆ.